ಚಕ್ರಗಳ ಮೇಲಿನ ಮನೆಯೂ ಮಾಜಿ ಸೈನಿಕನ ಔಷಧೋಪಚಾರವೂ

ಕಳೆದ ವಾರ ಸೈನ್ಯದಿಂದ ನಿವೃತ್ತರಾದ ಹವಾಲ್ದಾರರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಬೆಳಗಾವಿಯ ಕಡೆಯವರು. ನಾವು ಹೋಟೆಲು ನಡೆಸುತ್ತಿದ್ದ ಕಾಲದಿಂದಲೂ ಪರಿಚಿತರು. ರಜೆಯ ಮೇಲೆ ಊರಿಗೆ ಹೋಗುವಾಗಲೆಲ್ಲ ನಮ್ಮಲ್ಲಿ ಚಹಾ ಕುಡಿದು ರೈಲು ಹಿಡಿಯುವುದು ಅವರ ರೂಢಿಯಾಗಿತ್ತು. ಇಂದಿಗೂ ನಮ್ಮನ್ನು ಸಂಪಾದಕರೆಂದು ಕರೆಯದೆ ‘ಮಾಲಕರ’ ಎಂದೇ ಕರೆಯುತ್ತಾರೆ. ಪತ್ನಿ ತೀರಿಕೊಂಡ ತರುವಾಯ ಅವರಿಗೆ ವರ್ಷದಲ್ಲಿ ನಾಲ್ಕು ತಿಂಗಳು ಮುಂಬಯಿಯ ಮಗನ ಮನೆ, ನಾಲ್ಕು ತಿಂಗಳು ಹೈದರಾಬಾದಿನ ಮಗಳ ಮನೆ, ಉಳಿದ ದಿನಗಳು ಊರು. ರಕ್ತದೊತ್ತಡವೂ ಮಧುಮೇಹವೂ ಇವೆ. ಅಂದು ಅವರ ಗುಳಿಗೆಗಳು ಮುಗಿದು ಐದು ದಿನಗಳಾಗಿದ್ದುವು. ಒಂದೆಡೆ ಹೋಗಿ ಕೇಳಿದರೆ ‘ನಿಮ್ಮ ಊರಿಗೇ ಹೋಗಿ ತೆಗೆದುಕೊಳ್ಳಿ’ ಎಂಬ ಉತ್ತರ ಬಂದಿತಂತೆ.

“ಮಾಲಕರ, ಲಡಾಖಕ್ಕ ಕಳಸುವಾಗ ನಿನ್ನ ಊರು ಯಾವುದಂತ ಯಾರೂ ಕೇಳಲಿಲ್ಲ, ಗುಳಿಗಿ ಕೊಡುವಾಗ ಕೇಳತಾರ” ಎಂದರು ಅವರು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಇದೇ ಪ್ರಶ್ನೆಯು ಇನ್ನೊಂದು ದೇಶದಲ್ಲಿ ಇನ್ನೂ ತೀವ್ರವಾದ ರೂಪದಲ್ಲಿ ಎದ್ದಿರುವುದನ್ನೂ, ಅಲ್ಲಿ ಅದಕ್ಕೆ ಅರೆಬರೆಯಾದರೂ ಒಂದು ಸಮಾಧಾನವನ್ನು ಹುಡುಕಿರುವುದನ್ನೂ ನಾವು ಓದಿ ಬಲ್ಲೆವು. ಊರೂರು ತಿರುಗುವುದನ್ನೇ ಬಾಳಾಗಿ ಮಾಡಿಕೊಂಡಿರುವ ನಮ್ಮ ವಾಚಕರಿಗೆ ಆ ವಿಷಯವನ್ನು ಅರಿಕೆ ಮಾಡಿಕೊಳ್ಳುವುದು ಉಚಿತವೆಂದು ಬಗೆದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ ಚಕ್ರಗಳ ಮೇಲೆಯೇ ಮನೆಯನ್ನು ಕಟ್ಟಿಕೊಂಡು ಸಂಚರಿಸುವವರು ಬಹಳ ಮಂದಿ. ಅಂಥ ವಾಹನಕ್ಕೆ ಅಲ್ಲಿ ‘ಆರ್.ವಿ.’ ಎಂದು ಹೆಸರು. ಮಲಗುವ ಮಂಚ, ಗ್ಯಾಸಿನ ಒಲೆ, ಶೀತಕ ಪೆಟ್ಟಿಗೆ, ನೀರಿನ ಟಾಕಿ, ಶೌಚಗೃಹ, ಎಲ್ಲವೂ ಅದರೊಳಗೇ. ನಿವೃತ್ತಿಯ ಬಳಿಕ ಮನೆಯನ್ನು ಮಾರಿ, ಇಂತಹ ವಾಹನವೊಂದನ್ನು ಕೊಂಡು, ಬೇಸಗೆಯಲ್ಲಿ ಉತ್ತರಕ್ಕೂ ಚಳಿಗಾಲದಲ್ಲಿ ಅರಿಜೋನಾ, ಟೆಕ್ಸಾಸ್, ಫ್ಲೋರಿಡಾ ಮೊದಲಾದ ಬೆಚ್ಚನೆಯ ಸಂಸ್ಥಾನಗಳಿಗೂ ಹಕ್ಕಿಗಳಂತೆ ವಲಸೆ ಹೋಗುವ ವೃದ್ಧ ದಂಪತಿಗಳುಂಟು. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಎಂಬ ಮರುಭೂಮಿಯ ಸಣ್ಣ ಊರು ಚಳಿಗಾಲದಲ್ಲಿ ಇಂತಹ ಗಾಡಿಗಳ ಜಾತ್ರೆಯಾಗುತ್ತದೆ. ಹೀಗೆ ತಿರುಗುವವರಲ್ಲಿ ವಿಯೆಟ್ನಾಮಿನಲ್ಲಿಯೂ ಇರಾಕಿನಲ್ಲಿಯೂ ಕಾದಾಡಿ ಬಂದವರು ಅನೇಕರಿದ್ದಾರೆ. ಮುಪ್ಪು, ಹಳೆಯ ಗಾಯ, ಮನಸ್ಸಿನ ಬೇನೆ, ಇವೂ ಅವರೊಡನೆ ಅದೇ ಗಾಡಿಯಲ್ಲಿ ಪಯಣಿಸುತ್ತವೆ.

ಯುದ್ಧದ ಹೊರೆಯನ್ನು ಹೊತ್ತವನನ್ನೂ, ಅವನ ವಿಧವೆಯನ್ನೂ, ಅನಾಥ ಮಗುವನ್ನೂ ನೋಡಿಕೊಳ್ಳಬೇಕಾದುದು ರಾಷ್ಟ್ರದ ಕರ್ತವ್ಯವೆಂದು ಅಧ್ಯಕ್ಷ ಅಬ್ರಹಾಂ ಲಿಂಕನ್ನರು 1865ರ ಮಾರ್ಚಿನಲ್ಲಿ ತಮ್ಮ ಎರಡನೆಯ ಅಧಿಕಾರಗ್ರಹಣದ ಭಾಷಣದಲ್ಲಿ ಸಾರಿದ್ದರು. ಮಾಜಿ ಸೈನಿಕರ ಯೋಗಕ್ಷೇಮಕ್ಕಾಗಿ 1930ರಲ್ಲಿ ಒಂದು ಆಡಳಿತವು ಸ್ಥಾಪಿತವಾಯಿತು. 1989ರಲ್ಲಿ ಅದು ಮಂತ್ರಿಮಂಡಲದ ಖಾತೆಯ ದರ್ಜೆಗೇರಿತು. ಇಂದು ಈ ಇಲಾಖೆಯ ಕೈಯಲ್ಲಿ ಸುಮಾರು 170 ಆಸ್ಪತ್ರೆಗಳೂ ಸಾವಿರಕ್ಕೂ ಮಿಕ್ಕಿ ಹೊರರೋಗಿ ಚಿಕಿತ್ಸಾಲಯಗಳೂ ಇವೆ. ಹೆಸರು ನೋಂದಾಯಿಸಿಕೊಂಡ ಮಾಜಿ ಸೈನಿಕರು ಸುಮಾರು 90 ಲಕ್ಷ. ಸೇವೆಯಲ್ಲಿ ಅಂಗವಿಕಲರಾದವರು, ಸೆರೆಸಿಕ್ಕಿದ್ದವರು, ಆದಾಯ ಕಡಿಮೆಯಿರುವವರು ಎಂದು ಮೊದಲಾಗಿ ಎಂಟು ವರ್ಗಗಳನ್ನು ಮಾಡಿ, ಆ ಕ್ರಮದಲ್ಲಿ ಅವರಿಗೆ ಆದ್ಯತೆಯನ್ನು ಕೊಡುತ್ತಾರೆ.

ಇಷ್ಟು ದೊಡ್ಡ ವ್ಯವಸ್ಥೆಯಿದ್ದರೂ ಅದನ್ನು ಕಟ್ಟಿದ್ದು ಒಂದೇ ಮನೆಯಲ್ಲಿ ನೆಲೆನಿಂತವನಿಗಾಗಿ. ಪ್ರತಿಯೊಬ್ಬನಿಗೂ ಒಂದು ಸ್ವಸ್ಥಾನದ ಆಸ್ಪತ್ರೆ, ಅಲ್ಲಿ ಅವನನ್ನು ಬಲ್ಲ ವೈದ್ಯರೂ ದಾದಿಯೂ. ಮನೆಯೇ ಉರುಳುತ್ತಿರುವವನು ಇದರೊಳಗೆ ಸೇರುವುದು ಹೇಗೆ?

ಮೊದಲನೆಯದು ವಿಳಾಸದ ಪ್ರಶ್ನೆ. ಟೆಕ್ಸಾಸಿನ ಲಿವಿಂಗ್‌ಸ್ಟನ್ ಎಂಬ ಊರಿನಲ್ಲಿ ‘ಎಸ್ಕೇಪೀಸ್’ ಎಂಬ ಸಂಚಾರಿಗಳ ಸಂಘವಿದೆ. 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ದಂಪತಿಗಳು ಅದನ್ನು ಪ್ರಾರಂಭಿಸಿದರು. ಸಂಘವು ಸದಸ್ಯರಿಗೆ ಒಂದು ವಿಳಾಸವನ್ನು ಒದಗಿಸಿ, ಬಂದ ಟಪಾಲನ್ನು ಅವರಿದ್ದ ಸ್ಥಳಕ್ಕೆ ರವಾನಿಸುತ್ತದೆ. ಇನ್ನು ಗಾಡಿ ನಡೆಸಲಾರದಷ್ಟು ಅಶಕ್ತರಾದವರು ತಮ್ಮ ಗಾಡಿಯಲ್ಲಿಯೇ ವಾಸಿಸುತ್ತ ಆರೈಕೆಯನ್ನು ಪಡೆಯುವ ಏರ್ಪಾಡೂ ಅಲ್ಲಿ ಇದೆ. ದಕ್ಷಿಣ ಡಕೋಟಾ ಸಂಸ್ಥಾನವಾದರೋ, ಒಂದು ರಾತ್ರಿ ತಂಗಿದ ರಸೀದಿಯನ್ನು ತೋರಿಸಿ ವಾಹನ ಚಾಲನೆಯ ಪರವಾನಿಗೆಯನ್ನು ಪಡೆಯಬಹುದೆಂದು ಸಂಚಾರಿಗಳಲ್ಲಿ ಹೆಸರಾದುದು. ಹೋಟೆಲಿನ ರಸೀದಿಗೆ ಇಷ್ಟು ಮಹಿಮೆಯುಂಟೆಂದು ನಮ್ಮ ವ್ಯವಸಾಯದ ದಿನಗಳಲ್ಲಿ ನಮಗೆ ತಿಳಿದಿರಲಿಲ್ಲ!

ಆದರೆ ತೆರಿಗೆಯ ಉಳಿತಾಯವೊಂದನ್ನೇ ನೋಡಿ ವಿಳಾಸವನ್ನು ಆರಿಸುವುದು ವಿವೇಕವಲ್ಲ. ಇಲಾಖೆಯ ಆಸ್ಪತ್ರೆ ದೂರವಾದರೆ ಮಾಜಿ ಸೈನಿಕನು ಸರಕಾರದ ವೆಚ್ಚದಲ್ಲಿ ಹೊರಗಿನ ವೈದ್ಯರಲ್ಲಿ ಚಿಕಿತ್ಸೆ ಪಡೆಯಬಹುದೆಂದು 2018ರ ಶಾಸನವು ವಿಧಿಸಿದೆ. ಅದರ ಮೇರೆಗೆ ಗೊತ್ತಾದ ಮಾನ ಹೀಗಿದೆ: ಸಾಮಾನ್ಯ ಚಿಕಿತ್ಸೆಗೆ 30 ನಿಮಿಷ, ತಜ್ಞರ ಚಿಕಿತ್ಸೆಗೆ 60 ನಿಮಿಷದ ಗಾಡಿಯ ಹಾದಿಗಿಂತ ಹೆಚ್ಚಾಗಿರಬೇಕು. ಈ ದೂರವನ್ನು ಅಳೆಯುವುದು ವಾಸಸ್ಥಳದಿಂದ. ಕಾಗದದ ಮೇಲಿನ ಮನೆ ಟೆಕ್ಸಾಸಿನಲ್ಲಿ, ಎದೆನೋವು ಬಂದದ್ದು ಅರಿಜೋನಾದಲ್ಲಿ ಎಂದಾಗ ತೊಡಕು ಹುಟ್ಟುತ್ತದೆ.

ಎರಡನೆಯದಾಗಿ, ಈ ತೊಡಕನ್ನು ಬಿಡಿಸಲೆಂದೇ ಇಲಾಖೆಯ ಆಸ್ಪತ್ರೆಗಳಲ್ಲಿ ‘ಸಂಚಾರಿ ಮಾಜಿ ಸೈನಿಕರ ಸಂಯೋಜಕ’ರನ್ನು ನೇಮಿಸಿದ್ದಾರೆ. ಹೊರಡುವುದಕ್ಕೆ ನಾಲ್ಕರಿಂದ ಆರು ವಾರ ಮುಂಚಿತವಾಗಿ ತನ್ನ ವೈದ್ಯರಿಗೆ, ‘ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಇಂಥ ಊರಿನಲ್ಲಿರುತ್ತೇನೆ, ನನಗೆ ಇಂಥ ರಕ್ತಪರೀಕ್ಷೆ ಬೇಕಾಗುತ್ತದೆ’ ಎಂದು ತಿಳಿಸಿದರೆ, ಅಲ್ಲಿಯ ಸಂಯೋಜಕರು ಮುಂದಿನ ಊರಿನ ಸಂಯೋಜಕರಿಗೆ ಬರೆದು ಏರ್ಪಾಡು ಮಾಡುತ್ತಾರೆ. ಚಿಕಿತ್ಸೆಯ ಸೂತ್ರ ಒಂದೇ ಕೈಯಲ್ಲಿರುತ್ತದೆ. ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ರೋಗಕ್ಕೆ ಎರಡು ಔಷಧಗಳನ್ನು ಕೊಡುವ ಅಪಾಯ ತಪ್ಪುತ್ತದೆ.

ಈ ಕಾರ್ಯಕ್ಕೆ ಬೆನ್ನೆಲುಬಾದುದು ರೋಗಿಯ ದಾಖಲೆ. ಕಂಪ್ಯೂಟರಿನಲ್ಲಿ ರೋಗಿಗಳ ವೃತ್ತಾಂತವನ್ನಿಡುವುದರಲ್ಲಿ ಈ ಇಲಾಖೆಯು ಅಗ್ರಗಾಮಿಯಾಗಿತ್ತು. 2020ರಲ್ಲಿ ಹಳೆಯ ಪದ್ಧತಿಯನ್ನು ಬದಲಿಸಲು ಹೊರಟು, ವಾಷಿಂಗ್ಟನ್ ಸಂಸ್ಥಾನದ ಸ್ಪೋಕೇನಿನಲ್ಲಿ ಹೊಸದನ್ನು ಆರಂಭಿಸಿದರು. ದೋಷಗಳು ಕಾಣಿಸಿಕೊಂಡುದರಿಂದ 2023ರಲ್ಲಿ ಅದರ ವಿಸ್ತರಣೆಯನ್ನು ತಡೆಹಿಡಿಯಬೇಕಾಯಿತು. ಆದುದರಿಂದ ಬುದ್ಧಿವಂತ ಸಂಚಾರಿಯು ಯಂತ್ರವನ್ನೇ ನಂಬದೆ ಔಷಧಗಳ ಪಟ್ಟಿಯನ್ನು ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ.

ಮೂರನೆಯದು ಔಷಧ. ಇಲಾಖೆಯ ಹೊರರೋಗಿಗಳ ಔಷಧಗಳಲ್ಲಿ ಸುಮಾರು ಶೇಕಡಾ 80ರಷ್ಟು, ಕೆಲವೇ ಬೃಹತ್ ಕೇಂದ್ರಗಳಲ್ಲಿ ಯಂತ್ರಗಳಿಂದ ತುಂಬಲ್ಪಟ್ಟು ಟಪಾಲಿನ ಮೂಲಕ ಮನೆ ಸೇರುತ್ತವೆ. ದೀರ್ಘಕಾಲದ ರೋಗಗಳಿಗೆ ಸಾಮಾನ್ಯವಾಗಿ 90 ದಿನಗಳ ಔಷಧವನ್ನು ಒಮ್ಮೆಲೇ ಕಳುಹಿಸುತ್ತಾರೆ. ಸಂಚಾರಿಯು ಮಾಡಬೇಕಾದುದು ಎರಡೇ ಕೆಲಸ: ತಾತ್ಕಾಲಿಕ ವಿಳಾಸವನ್ನು ಮೊದಲೇ ತಿಳಿಸುವುದು, ಡಬ್ಬಿ ಬರಿದಾಗುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಮರುಪೂರಣಕ್ಕೆ ಕೇಳುವುದು. ಇದನ್ನು ಮರೆತವನ ಔಷಧವು ಅವನು ಬಿಟ್ಟುಬಂದ ಊರಿಗೆ ಹೋಗಿ ಕುಳಿತಿರುತ್ತದೆ. ಅಂಥವನು ಹತ್ತಿರದ ಇಲಾಖಾ ಆಸ್ಪತ್ರೆಗೆ ಹೋಗಿ ನಿಜಸ್ಥಿತಿಯನ್ನು ಹೇಳಿಕೊಳ್ಳುವುದೇ ದಾರಿ.

ನಾಲ್ಕನೆಯದು ದೂರದಿಂದಲೇ ವೈದ್ಯರ ಭೇಟಿ. ಅಲ್ಲಿ ವೈದ್ಯರಿಗೆ ಪರವಾನಿಗೆ ಕೊಡುವವು ಆಯಾ ಸಂಸ್ಥಾನಗಳು. ಗಡಿ ದಾಟಿದ ರೋಗಿಗೆ ವೈದ್ಯನು ದೂರದಿಂದ ಸಲಹೆ ಕೊಡುವುದು ಕಾನೂನಿನ ತೊಡಕಿನ ಮಾತಾಗಿತ್ತು. 2018ರ ನಿಯಮವೊಂದು ಇಲಾಖೆಯ ವೈದ್ಯರ ಮಟ್ಟಿಗೆ ಈ ಗಡಿಯನ್ನು ಅಳಿಸಿಹಾಕಿತು. ಈಗ ಮಲೆಯ ಬುಡದಲ್ಲಿ ಗಾಡಿ ನಿಲ್ಲಿಸಿಕೊಂಡಿರುವ ಸೈನಿಕನು ತನ್ನನ್ನು ವರ್ಷಗಳಿಂದ ಬಲ್ಲ ಮನೋವೈದ್ಯರೊಡನೆ ವಿಡಿಯೋ ಮೂಲಕ ಮುಖಾಮುಖಿ ಮಾತನಾಡಬಹುದು. ಮನಸ್ಸಿನ ಗಾಯಕ್ಕೆ ಪರಿಚಿತ ದನಿಯಷ್ಟು ಹಿತವಾದುದು ಇನ್ನಾವುದು? ಆದರೆ ಮರುಭೂಮಿಯಲ್ಲಿ ಸಂಪರ್ಕದ ಸಂಕೇತವೇ ಸಿಗದಿದ್ದರೆ ನಿಯಮವಿದ್ದೂ ಪ್ರಯೋಜನವಿಲ್ಲ. ಮುರಿದ ಕಾಲನ್ನು ವಿಡಿಯೋದಿಂದ ಕಟ್ಟಲಾಗುವುದೂ ಇಲ್ಲ.

ಐದನೆಯದಾಗಿ ತುರ್ತುಪರಿಸ್ಥಿತಿ. ಪ್ರಾಣಾಪಾಯವೆಂದು ತೋರಿದಾಗ ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಬಹುದು. ಮೊದಲೇ ಅನುಮತಿ ಬೇಕಿಲ್ಲ. ಆದರೆ 72 ಗಂಟೆಗಳೊಳಗಾಗಿ ಇಲಾಖೆಗೆ ವರದಿ ಹೋಗಬೇಕು. ಹೋಗದಿದ್ದರೆ ಬಿಲ್ಲಿನ ಹೊರೆ ರೋಗಿಯ ತಲೆಯ ಮೇಲೆ ಬೀಳುವ ಸಂಭವವಿದೆ. ಕೆಮ್ಮು, ಜ್ವರ, ಉಳುಕುಗಳಂತಹ ಸಣ್ಣ ತೊಂದರೆಗಳಿಗೆ 2019ರ ಜೂನಿನಿಂದ ಖಾಸಗಿ ಚಿಕಿತ್ಸಾಲಯಗಳಿಗೆ ಹೋಗುವ ಸೌಕರ್ಯವಿದೆ. ಇದಕ್ಕೊಂದು ನಿಬಂಧನೆ: ಹಿಂದಿನ 24 ತಿಂಗಳುಗಳಲ್ಲಿ ಒಮ್ಮೆಯಾದರೂ ಇಲಾಖೆಯ ಮೂಲಕ ಚಿಕಿತ್ಸೆ ಪಡೆದಿರಬೇಕು. ‘ನನಗೇನೂ ರೋಗವಿಲ್ಲ’ ಎಂದು ಎರಡು ವರ್ಷ ಆಸ್ಪತ್ರೆಯತ್ತ ಸುಳಿಯದ ಗಟ್ಟಿಮುಟ್ಟಾದ ಸಂಚಾರಿಯು, ಕಾಯಿಲೆ ಬಿದ್ದ ದಿನವೇ ತನ್ನ ಹಕ್ಕು ತಪ್ಪಿತೆಂಬುದನ್ನು ಅರಿಯುತ್ತಾನೆ. ಆದುದರಿಂದಲೇ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಿರೆಂದು ಅನುಭವಿಗಳು ಹೊಸಬರಿಗೆ ಹೇಳುತ್ತಾರೆ.

ಹಲ್ಲಿನ ಚಿಕಿತ್ಸೆಯಾದರೋ ಕೆಲವೇ ವರ್ಗದವರಿಗೆ ದೊರೆಯುತ್ತದೆ. ಉಳಿದವರು ಏನು ಮಾಡಬೇಕು? ಅರಿಜೋನಾದ ಯೂಮಾ ಪಟ್ಟಣದ ಬಳಿ ಗಡಿಯಾಚೆಗೆ ಮೆಕ್ಸಿಕೋದ ಲೋಸ್ ಅಲ್ಗೊಡೋನೆಸ್ ಎಂಬ ಊರಿದೆ. ಅಲ್ಲಿ ಬೀದಿಯುದ್ದಕ್ಕೂ ದಂತವೈದ್ಯರೇ. ಚಳಿಗಾಲದ ವಲಸೆಗಾರರು ಗಡಿ ದಾಟಿ ಹೋಗಿ, ಸ್ವಂತ ಹಣವನ್ನು ತೆತ್ತು ಅಗ್ಗದಲ್ಲಿ ಹಲ್ಲು ಕಟ್ಟಿಸಿಕೊಂಡು ಬರುತ್ತಾರೆ. ಪರದೇಶದಲ್ಲಿ ಇಲಾಖೆಯು ವೆಚ್ಚ ಕೊಡುವುದು ಮುಖ್ಯವಾಗಿ ಸೈನ್ಯಸೇವೆಯಿಂದ ಉಂಟಾದ ಬೇನೆಗಳಿಗೆ ಮಾತ್ರ.

ಈ ವ್ಯವಸ್ಥೆಯು ನಿಷ್ಕಳಂಕವೆಂದು ನಾವು ಹೇಳಲಾರೆವು. ಸಂಚಾರಿಗಳು ಚಳಿಗಾಲ ಕಳೆಯುವ ಅರಿಜೋನಾದಲ್ಲಿಯೇ, ಫೀನಿಕ್ಸ್ ನಗರದ ಆಸ್ಪತ್ರೆಯಲ್ಲಿ ಕಾಯುವವರ ಪಟ್ಟಿಗಳನ್ನು ಮರೆಮಾಚಿ, ವಿಳಂಬವೇ ಇಲ್ಲವೆಂದು ತೋರಿಸಿದ್ದ ಹಗರಣವು 2014ರಲ್ಲಿ ಬಯಲಾಯಿತು. ಇಲಾಖೆಯ ಮುಖ್ಯಸ್ಥರಾಗಿದ್ದ ಎರಿಕ್ ಶಿನ್ಸೆಕಿ ಅವರು ಅದೇ ಮೇ ತಿಂಗಳಿನಲ್ಲಿ ರಾಜೀನಾಮೆಯಿತ್ತರು. ಹೊರಗಿನ ವೈದ್ಯರ ಬಾಗಿಲು ಮಾಜಿ ಸೈನಿಕರಿಗೆ ವಿಶಾಲವಾಗಿ ತೆರೆದದ್ದು ಆ ಅಪಕೀರ್ತಿಯ ಬಳಿಕವೇ.

ಇನ್ನು ನಮ್ಮ ಹವಾಲ್ದಾರರ ಮಾತಿಗೆ ಬರೋಣ. ಅವರಿಗೆ ಚಕ್ರದ ಮನೆಯಿಲ್ಲ. ಒಂದು ಟ್ರಂಕು, ಒಂದು ಕೈಚೀಲ. ಆದರೂ ಅವರೂ ಸಂಚಾರಿಯೇ. ಕೊಡಗಿನಿಂದ, ಬೆಳಗಾವಿಯಿಂದ, ಕರಾವಳಿಯಿಂದ ಸೈನ್ಯಕ್ಕೆ ಸೇರಿ ನಿವೃತ್ತರಾಗಿ, ಈಗ ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ಮಕ್ಕಳ ಮನೆಗಳ ನಡುವೆ ಓಡಾಡಿಕೊಂಡಿರುವ ಕನ್ನಡಿಗರು ಇನ್ನೆಷ್ಟೋ ಮಂದಿ. ಅವರಿಗಾಗಿ ನಮ್ಮ ಸರಕಾರವು 2003ರ ಏಪ್ರಿಲಿನಿಂದ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆಯನ್ನು ನಡೆಸುತ್ತಿದೆ, ‘ಇ.ಸಿ.ಎಚ್.ಎಸ್.’ ಎಂದರೆ ಎಲ್ಲರಿಗೂ ಗೊತ್ತು. ಪಿಂಚಣಿ ಪಡೆಯುವ ಮಾಜಿ ಸೈನಿಕರೂ ಅವರ ಅವಲಂಬಿತರೂ ಇದಕ್ಕೆ ಅರ್ಹರು. ಪ್ರತಿಯೊಬ್ಬರಿಗೂ ಒಂದು ಮೂಲ ಪಾಲಿಕ್ಲಿನಿಕ್ ಗೊತ್ತಾಗಿರುತ್ತದೆಯಾದರೂ, ಪ್ರವಾಸದಲ್ಲಿರುವಾಗ ದೇಶದ ಬೇರೆ ಪಾಲಿಕ್ಲಿನಿಕ್ಕಿಗೂ ಕಾರ್ಡನ್ನು ತೆಗೆದುಕೊಂಡು ಹೋಗಬಹುದು. ಒಂದೇ ಊರಿನಲ್ಲಿ ಬಹುಕಾಲ ನಿಲ್ಲುವವರು ಮೂಲ ಪಾಲಿಕ್ಲಿನಿಕ್ಕನ್ನೇ ಬದಲಿಸಿಕೊಳ್ಳಲು ಅರ್ಜಿ ಹಾಕಬಹುದು. ಪ್ರಾಣಾಪಾಯದ ಸಂದರ್ಭದಲ್ಲಿ ಯೋಜನೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ, 48 ಗಂಟೆಗಳೊಳಗೆ ಹತ್ತಿರದ ಪಾಲಿಕ್ಲಿನಿಕ್ಕಿಗೆ ತಿಳಿಸತಕ್ಕದ್ದು.

ಇದನ್ನೆಲ್ಲ ಹವಾಲ್ದಾರರಿಗೆ ವಿವರಿಸಿ, ನಮ್ಮ ಕಾರ್ಯಾಲಯದ ಹುಡುಗನೊಬ್ಬನನ್ನು ಜೊತೆಮಾಡಿ ಪಾಲಿಕ್ಲಿನಿಕ್ಕಿಗೆ ಕಳುಹಿಸಿದೆವು. ಸಂಜೆ ಗುಳಿಗೆಯ ಪೊಟ್ಟಣದೊಂದಿಗೆ ಮರಳಿ ಬಂದು, “ಕೇಳುವ ರೀತಿ ಗೊತ್ತಿರಲಿಲ್ಲರಿ” ಎಂದರು. ನಲವತ್ತು ಮಂದಿ ಸಾಲಿನಲ್ಲಿ ನಿಂತಿರುವಾಗ ಕೇಳುವ ರೀತಿಯನ್ನು ಮುದುಕರಿಗೆ ಹೇಳಿಕೊಡುವವರಾರು? ಅಮೇರಿಕೆಯ ಸಂಯೋಜಕರ ಹುದ್ದೆಯು ನಮ್ಮ ಮನಸ್ಸಿಗೆ ಹಿಡಿದದ್ದು ಇದಕ್ಕಾಗಿಯೇ. ರೋಗಿಯು ಹೊರಡುವ ಮೊದಲೇ, ಅವನ ಪರವಾಗಿ ಮುಂದಿನ ಊರಿಗೆ ಒಂದು ಮಾತು ಹೇಳುವವನೊಬ್ಬನು ಅಲ್ಲಿದ್ದಾನೆ. ನಮ್ಮ ಪಾಲಿಕ್ಲಿನಿಕ್ಕುಗಳಲ್ಲಿಯೂ ಅಂಥದೊಂದು ಮೇಜು, ಅದರ ಹಿಂದೆ ಒಬ್ಬ ತಾಳ್ಮೆಯ ಮನುಷ್ಯ ಇದ್ದರೆ ಎಷ್ಟೋ ವೃದ್ಧರ ಅಲೆದಾಟ ತಪ್ಪೀತು. ಸಂಬಂಧಪಟ್ಟವರು ಇದನ್ನು ಆಲೋಚಿಸಬೇಕೆಂದು ನಮ್ಮ ವಿನಂತಿ.

ಅಲ್ಲಿಯವರೆಗೆ ಆ ಕೆಲಸವನ್ನು ನಾವೇ ಮಾಡೋಣ. ನಮ್ಮ ಸಂಘಗಳ ಕಟ್ಟೆಗಳಲ್ಲಿ ಕೂಡುವ ತರುಣರು ತಮ್ಮ ನೆರೆಯಲ್ಲಿರುವ ಮಾಜಿ ಸೈನಿಕರನ್ನು ವಿಚಾರಿಸಲಿ. ಹಿರಿಯರು ರಜೆಯ ರೈಲನ್ನು ಏರುವ ಮೊದಲು ನಾಲ್ಕು ವಸ್ತುಗಳನ್ನು ನೋಡಿಕೊಳ್ಳಲಿ: ಕಾರ್ಡು, ಔಷಧಗಳ ಹೆಸರು ಮತ್ತು ಪ್ರಮಾಣವನ್ನು ಬರೆದ ಚೀಟಿ, ಇತ್ತೀಚಿನ ತಪಾಸಣೆಯ ಕಾಗದ, ತಲುಪುವ ಊರಿನ ಪಾಲಿಕ್ಲಿನಿಕ್ಕಿನ ವಿಳಾಸ. ಗುಳಿಗೆಗಳನ್ನು ಟ್ರಂಕಿನಲ್ಲಿ ಹಾಕದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಲಿ. ಹವಾಲ್ದಾರರು ಮುಂದಿನ ತಿಂಗಳು ಹೈದರಾಬಾದಿಗೆ ಹೊರಡುವವರಿದ್ದಾರೆ. ಅವರ ಚೀಟಿಯನ್ನು ನಾವೇ ಬರೆದುಕೊಟ್ಟಿದ್ದೇವೆ.