ವಿದ್ಯುತ್ ಸೈಕಲ್ಲಿನ ಬ್ಯಾಟರಿ: ಬಿಗಿತ ಮತ್ತು ಸಂಪರ್ಕ

ಸೈಕಲ್ಲು ನಮಗೆ ಹೊಸದಲ್ಲ. ಅದಕ್ಕೆ ಮೋಟರನ್ನೂ ಬ್ಯಾಟರಿಯನ್ನೂ ಜೋಡಿಸಿ ಬೆಟ್ಟ ಹತ್ತಿಸುವುದು ಮಾತ್ರ ಹೊಸದು. ಕಲ್ಲುಮಣ್ಣಿನ ದಾರಿಗೆಂದೇ ಮಾಡಿದ ದಪ್ಪ ಟೈರಿನ ಸೈಕಲ್ಲು ರೂಪುಗೊಂಡದ್ದು ೧೯೭೦ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮರಿನ್ ಪ್ರಾಂತದಲ್ಲಿ. ಅಲ್ಲಿಯ ತರುಣರು ಹಳೆಯ, ಭಾರವಾದ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ೧೯೭೬ರಲ್ಲಿ ಆರಂಭವಾದ ಅವರ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು. ಇಳಿಜಾರಿನಲ್ಲಿ ಹಿಂಚಕ್ರದ ಹಬ್ಬಿನೊಳಗಿನ ಬ್ರೇಕು ಕಾದು, ಅಲ್ಲಿದ್ದ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಇಳಿದ ಮೇಲೆ ಮತ್ತೆ ಗ್ರೀಸು ತುಂಬಲೇಬೇಕಾಗಿತ್ತು. ಹೆಸರು ಬಂದದ್ದು ಅದರಿಂದ. ಬೆಟ್ಟದ ದಾರಿಗೆ ಸೈಕಲ್ಲಿನ ದುರ್ಬಲ ಸ್ಥಳವನ್ನು ಹುಡುಕಿ ತೆಗೆಯುವ ಗುಣವಿದೆ. ಅಂದು ಆ ಸ್ಥಳ ಬ್ರೇಕಾಗಿತ್ತು. ಇಂದಿನ ವಿದ್ಯುತ್ ಸೈಕಲ್ಲಿನಲ್ಲಿ ಅದು ಬಹುಮಟ್ಟಿಗೆ ಬ್ಯಾಟರಿ ಕೂರುವ ಪೀಠ ಮತ್ತು ಅಲ್ಲಿಯ ಸಂಪರ್ಕದ ತುದಿಗಳು.

ಬಿ.ಎ. ತರಗತಿಯ ವಿದ್ಯಾರ್ಥಿಗೆ ಈ ವಿಷಯವೇಕೆಂದು ಮಿತ್ರರು ಕೇಳಬಹುದು. ನಮ್ಮ ತಂದೆಯವರದು ಸೈಕಲ್ ರಿಪೇರಿ ಅಂಗಡಿ. ಸಂಜೆಯ ಹೊತ್ತಿನಲ್ಲಿಯೂ ರಜೆಯ ದಿನಗಳಲ್ಲಿಯೂ ನಾನು ಅಲ್ಲಿ ಕೆಲಸಕ್ಕೆ ಕೂರುತ್ತೇನೆ. ಎಲೆಕ್ಟ್ರಿಕ್ ಮೌಂಟನ್ ಬೈಕ್ ಎಂದು ಕರೆಯುವ ಈ ಸೈಕಲ್ಲುಗಳು ಈಚೆಗೆ ನಮ್ಮಲ್ಲಿಗೂ ಬರತೊಡಗಿವೆ. ಬರುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: “ಬ್ಯಾಟರಿ ಹೋಗಿದೆ.” ನಾನು ಕಂಡಮಟ್ಟಿಗೆ ಹಲವು ಸಲ ಹೋಗಿರುವುದು ಬ್ಯಾಟರಿಯಲ್ಲ, ಅದರ ಬಿಗಿತ. ಈ ಎರಡರ ವ್ಯತ್ಯಾಸವನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಬ್ಯಾಟರಿ ಎಂದರೆ ಏನೆಂದು ನೋಡೋಣ. ಇದು ಲಿಥಿಯಮ್-ಅಯಾನ್ ಜಾತಿಯದು. ೧೯೯೧ರಲ್ಲಿ ಜಪಾನಿನ ಸೋನಿ ಕಂಪೆನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಒಂದೊಂದು ಕೋಶದ ವಿದ್ಯುದ್ಬಲ ಸುಮಾರು ೩.೬ ವೋಲ್ಟ್. ಹತ್ತು ಕೋಶಗಳನ್ನು ಸಾಲಾಗಿ ಜೋಡಿಸಿದರೆ ೩೬ ವೋಲ್ಟಿನ ಬ್ಯಾಟರಿ. ಪೂರ್ತಿ ಚಾರ್ಜಾದಾಗ ಅದೇ ಬ್ಯಾಟರಿ ೪೨ ವೋಲ್ಟ್ ತೋರಿಸುತ್ತದೆ. ಕೋಶಗಳ ಜೊತೆಯಲ್ಲಿ ಪೆಟ್ಟಿಗೆಯೊಳಗೆ ಒಂದು ಕಾವಲು ಸರ್ಕ್ಯೂಟೂ ಇರುತ್ತದೆ, ಇದಕ್ಕೆ ಬಿ.ಎಂ.ಎಸ್. ಎನ್ನುತ್ತಾರೆ. ಪ್ರವಾಹ ಮಿತಿಮೀರಿದರೆ ಅಥವಾ ಯಾವುದಾದರೂ ಕೋಶ ತೀರ ಇಳಿದರೆ ಅದು ತಾನಾಗಿಯೇ ವಿದ್ಯುತ್ತನ್ನು ತಡೆಯುತ್ತದೆ.

ಇನ್ನು ಪೀಠದ ವಿಚಾರ. ಬೆಲೆಬಾಳುವ ಸೈಕಲ್ಲುಗಳಲ್ಲಿ ಬ್ಯಾಟರಿ ಫ್ರೇಮಿನ ಕೊಳವೆಯೊಳಗೆಯೇ ಅಡಗಿರುತ್ತದೆ. ಅನೇಕ ಸಾಧಾರಣ ಸೈಕಲ್ಲುಗಳಲ್ಲಿಯೂ, ಆಮೇಲೆ ಮೋಟರು ಜೋಡಿಸಿದವುಗಳಲ್ಲಿಯೂ, ಹ್ಯಾಂಡಲ್ಲಿನ ಬುಡದಿಂದ ಪೆಡಲಿನವರೆಗೆ ಓರೆಯಾಗಿ ಇಳಿಯುವ ಕೊಳವೆಯ ಮೇಲೆ ಒಂದು ಪೀಠವನ್ನು ಬೋಲ್ಟಿನಿಂದ ಬಿಗಿದು, ಅದರ ಮೇಲೆ ಬ್ಯಾಟರಿಯನ್ನು ಜಾರಿಸಿ ಬೀಗ ಹಾಕುತ್ತಾರೆ. ಆ ಬೋಲ್ಟುಗಳು ಕೂರುವ ತೂತುಗಳಾದರೂ ಯಾವುವು? ನೀರಿನ ಸೀಸೆ ಇಡುವುದಕ್ಕೆಂದು ಫ್ರೇಮಿನಲ್ಲಿ ಮೊದಲೇ ಇರುವ, ೫ ಮಿಲಿಮೀಟರ್ ಬೋಲ್ಟಿನ ಎರಡು ತೂತುಗಳು. ತುಂಬಿದ ಸೀಸೆಯ ತೂಕ ಒಂದು ಕಿಲೋ ಇದ್ದೀತು. ಬ್ಯಾಟರಿಯ ತೂಕ ಮೂರರಿಂದ ನಾಲ್ಕು ಕಿಲೋ. ಹಳ್ಳಕ್ಕೆ ಚಕ್ರ ಬಿದ್ದಾಗ ಗುರುತ್ವದ ಐದರಷ್ಟು ವೇಗೋತ್ಕರ್ಷ ಉಂಟಾಯಿತೆಂದು ಇಟ್ಟುಕೊಂಡರೆ, ಮೂರೂವರೆ ಕಿಲೋದ ಬ್ಯಾಟರಿ ಆ ಕ್ಷಣದಲ್ಲಿ ಹದಿನೇಳೂವರೆ ಕಿಲೋ ಭಾರದ ವಸ್ತುವಿನಂತೆ ಬೋಲ್ಟುಗಳನ್ನು ಎಳೆಯುತ್ತದೆ. ಒಂದು ಮೈಲಿಯ ಕಲ್ಲುದಾರಿಯಲ್ಲಿ ಇಂಥ ಹೊಡೆತ ನೂರಾರು. ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಸಾಕು, ಪೀಠ ತೂಗತೊಡಗುತ್ತದೆ. ಪೀಠ ತೂಗಿದಷ್ಟೂ ಬೋಲ್ಟು ಮತ್ತೆ ಸಡಿಲವಾಗುತ್ತದೆ.

ಇಲ್ಲಿಯವರೆಗೆ ಇದು ಕೇವಲ ಯಾಂತ್ರಿಕ ದೋಷ. ಇದೇ ದೋಷವು ವಿದ್ಯುತ್ತಿನ ದೋಷವಾಗಿ ಮಾರ್ಪಡುವುದು ಹೇಗೆ? ಪೀಠದ ಕೆಳತುದಿಯಲ್ಲಿ ಲೋಹದ ಎರಡು ನಾಲಗೆಗಳಿರುತ್ತವೆ. ಬ್ಯಾಟರಿಯ ತಳದ ಸ್ಪ್ರಿಂಗಿನಂಥ ಹಿಡಿಕೆಗಳು ಅವುಗಳನ್ನು ಕಚ್ಚಿಕೊಳ್ಳಬೇಕು. ಬ್ಯಾಟರಿ ಅಲುಗಾಡಿದಾಗ ಈ ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದ ಉಜ್ಜಾಟ ನಡೆಯುತ್ತದೆ. ಮೇಲಿನ ಲೇಪ ಸವೆದು, ಒಳಗಿನ ಲೋಹ ಗಾಳಿಗೆ ಸಿಕ್ಕಿ, ಕಪ್ಪುಪುಡಿಯಂಥ ಆಕ್ಸೈಡು ಕೂರುತ್ತದೆ. ಆಕ್ಸೈಡು ವಿದ್ಯುತ್ತಿಗೆ ಒಳ್ಳೆಯ ವಾಹಕವಲ್ಲ. ಹೀಗೆ ಸಂಪರ್ಕದ ರೋಧವು ಹೆಚ್ಚುತ್ತದೆ.

ಈ ರೋಧದ ಪರಿಣಾಮವನ್ನು ಸ್ವಲ್ಪ ಲೆಕ್ಕದಿಂದ ತಿಳಿಯಬಹುದು. ರೋಧದಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಇದು ೧೮೪೧ರಲ್ಲಿ ಜೂಲ್ ಪ್ರಕಟಿಸಿದ ನಿಯಮ. ಏರುದಾರಿಯಲ್ಲಿ ಮೋಟರು ೧೫ ಆಂಪಿಯರ್ ಎಳೆಯುತ್ತಿದೆಯೆನ್ನಿ. ಸಂಪರ್ಕ ಚೊಕ್ಕಟವಾಗಿದ್ದು ರೋಧವು ೦.೦೦೫ ಓಮ್ ಇದ್ದರೆ ಅಲ್ಲಿ ಹುಟ್ಟುವ ಉಷ್ಣ ಒಂದು ವಾಟಿಗಿಂತ ತುಸು ಹೆಚ್ಚು. ಅದು ಗಮನಕ್ಕೇ ಬಾರದು. ಆ ರೋಧವು ೦.೧ ಓಮ್ ಆಯಿತೆಂದರೆ ಉಷ್ಣವು ೨೨.೫ ವಾಟ್. ರೇಡಿಯೋ ರಿಪೇರಿಯವರು ಬೆಸುಗೆಗೆ ಬಳಸುವ ಸಣ್ಣ ಸಾಲ್ಡರಿಂಗ್ ಐರನ್ ೨೫ ವಾಟಿನದು. ಎಂದರೆ, ಪ್ಲಾಸ್ಟಿಕ್ಕಿನ ಪೀಠದೊಳಗೆ, ಬ್ಯಾಟರಿಯ ಪಕ್ಕದಲ್ಲಿಯೇ, ಒಂದು ಸಾಲ್ಡರಿಂಗ್ ಐರನ್ ಹೊತ್ತಿಸಿಟ್ಟುಕೊಂಡು ನಾವು ಬೆಟ್ಟ ಹತ್ತುತ್ತಿದ್ದೇವೆ! ಕಾದ ಸ್ಪ್ರಿಂಗು ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ; ಬಿಗಿ ತಪ್ಪಿದಂತೆ ರೋಧ ಮತ್ತೂ ಏರುತ್ತದೆ. ಕೊನೆಗೆ ಪ್ಲಾಸ್ಟಿಕ್ಕು ಕರಗುತ್ತದೆ.

ಇಲ್ಲಿ ಮೀಟರು ನಮ್ಮನ್ನು ದಾರಿ ತಪ್ಪಿಸುವುದುಂಟು. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸುಮಾರು ಒಂದು ಕೋಟಿ ಓಮ್. ೪೦ ವೋಲ್ಟಿಗೆ ಅದು ಎಳೆಯುವ ಪ್ರವಾಹ ಒಂದು ಆಂಪಿಯರಿನ ಹತ್ತು ಲಕ್ಷ ಭಾಗಗಳಲ್ಲಿ ನಾಲ್ಕು ಭಾಗ ಮಾತ್ರ. ಇಷ್ಟು ಅಲ್ಪ ಪ್ರವಾಹಕ್ಕೆ ಕೆಟ್ಟ ಸಂಪರ್ಕವೂ ಅಡ್ಡಿಯಾಗುವುದಿಲ್ಲ. ಆದಕಾರಣ ಸೈಕಲ್ಲು ನಿಂತಿರುವಾಗ ಮೋಟರಿನ ಕಡೆಯ ತಂತಿಯಲ್ಲಿ ಅಳೆದರೆ ಪೂರ್ತಿ ೪೦ ವೋಲ್ಟ್ ಕಾಣುತ್ತದೆ. “ತಂತಿ, ಸಂಪರ್ಕ ಎಲ್ಲ ಸರಿಯಾಗಿದೆ, ಆದರೂ ಏರಿನಲ್ಲಿ ನಿಲ್ಲುತ್ತದೆ, ಆದ್ದರಿಂದ ಬ್ಯಾಟರಿಯೇ ಕೆಟ್ಟಿದೆ” ಎಂಬ ತೀರ್ಮಾನ ಹುಟ್ಟುವುದು ಹೀಗೆ.

ಇದಕ್ಕೆ ಒಂದು ನಿದರ್ಶನ. ಖಾಸಗಿ ಶಾಲೆಯೊಂದರ ಮೇಷ್ಟ್ರು ಕಳೆದ ಮಳೆಗಾಲದ ತರುವಾಯ ತಮ್ಮ ಸೈಕಲ್ಲನ್ನು ನಮ್ಮ ಅಂಗಡಿಗೆ ತಳ್ಳಿಕೊಂಡು ಬಂದರು. ಶಾಲೆ ಇರುವುದು ಗುಡ್ಡದ ಮೇಲೆ. ಹಳ್ಳಕ್ಕೆ ಬಿದ್ದಾಗಲೆಲ್ಲ ಸೈಕಲ್ಲಿನ ದೀಪದ ಫಲಕ ಆರಿಹೋಗುತ್ತಿತ್ತು. ಕಡಿದಾದ ಏರಿನಲ್ಲಿ ಮೋಟರು ನಿಂತುಬಿಡುತ್ತಿತ್ತು. ಬೇರೊಂದು ಕಡೆ ತೋರಿಸಿದಾಗ ಹೊಸ ಬ್ಯಾಟರಿಯೇ ಗತಿಯೆಂದು ಹೇಳಿದ್ದರಂತೆ. ಅದರ ಬೆಲೆ ಅವರ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ನಮ್ಮ ತಂದೆಯವರು ಮೀಟರನ್ನು ಮುಟ್ಟಲಿಲ್ಲ. ಬ್ಯಾಟರಿಯನ್ನು ಎರಡು ಕೈಯಿಂದ ಹಿಡಿದು ಅತ್ತಿತ್ತ ಅಲುಗಿಸಿ, “ಮೇಷ್ಟ್ರೇ, ಸ್ವಲ್ಪ ಕೂತ್ಕೊಳ್ಳಿ. ಮೊದಲು ಬಿಗಿ ಇದೆಯಾ ನೋಡೋಣ, ಕೆಟ್ಟಿದೆಯಾ ಅನ್ನೋದು ಆಮೇಲೆ” ಎಂದರು. ಬ್ಯಾಟರಿ ಇಳಿಸಿ ನೋಡಿದಾಗ ಪೀಠದ ಒಂದು ಬೋಲ್ಟು ಬೆರಳಿನಿಂದಲೇ ತಿರುಗುತ್ತಿತ್ತು. ಒಂದು ನಾಲಗೆ ಕಪ್ಪಾಗಿತ್ತು; ಅದರ ಸುತ್ತಲಿನ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿತ್ತು. ಪೀಠವನ್ನು ಮಾತ್ರ ಬದಲಾಯಿಸಿದೆವು. ಅದೇ ಬ್ಯಾಟರಿಯಿಂದ ಸೈಕಲ್ಲು ಇಂದಿಗೂ ಗುಡ್ಡ ಹತ್ತುತ್ತಿದೆ.

ಹಾಗಾದರೆ ದೋಷವನ್ನು ಗುರುತಿಸುವ ಬಗೆ ಹೇಗೆ? ಸೈಕಲ್ಲು ಯಾವಾಗ ನಿಲ್ಲುತ್ತದೆ ಎಂಬುದೇ ಮೊದಲ ಸಾಕ್ಷಿ. ಕುಲುಕಿದಾಗ ಆರಿ, ಸ್ವಿಚ್ಚು ಒತ್ತಿದಾಗ ಮತ್ತೆ ಹೊತ್ತಿಕೊಂಡರೆ ದೋಷ ಬಿಗಿತದಲ್ಲಿ ಅಥವಾ ತಂತಿಯಲ್ಲಿ. ಕುಲುಕದೆ, ಏರಿನಲ್ಲಿ ಮಾತ್ರ ನಿಂತರೆ ಎರಡು ಸಾಧ್ಯತೆಗಳಿವೆ: ಸಂಪರ್ಕದ ರೋಧ ಹೆಚ್ಚಾಗಿರಬಹುದು, ಇಲ್ಲವೆ ಕೋಶಗಳು ಬಲಗುಂದಿ ಕಾವಲು ಸರ್ಕ್ಯೂಟು ತಡೆಯುತ್ತಿರಬಹುದು. ಇವನ್ನು ಬೇರ್ಪಡಿಸಲು ಒಂದು ಏರನ್ನು ಹತ್ತಿಸಿ ಬಂದ ಕೂಡಲೇ ಸ್ವಿಚ್ಚು ಆರಿಸಿ, ಬ್ಯಾಟರಿ ಇಳಿಸಿ, ಅಂಗೈಯ ಹಿಂಬದಿಯನ್ನು ಪೀಠದ ಸಮೀಪಕ್ಕೆ ತರಬೇಕು. ಲೋಹವನ್ನು ಮುಟ್ಟಬಾರದು. ಒಂದು ಬದಿ ಮಾತ್ರ ಕಾದಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ದೋಷ ಅಲ್ಲಿಯೇ. ಸಂಪರ್ಕ ತಣ್ಣಗೂ ಚೊಕ್ಕಟವಾಗಿಯೂ ಇದ್ದು, ಚಾರ್ಜು ಮಾತ್ರ ಮೊದಲಿನ ಅರ್ಧ ದೂರಕ್ಕೇ ಮುಗಿದುಹೋಗುತ್ತಿದ್ದರೆ ಆಗ ಬ್ಯಾಟರಿಯನ್ನು ಸಂಶಯಿಸುವುದು ನ್ಯಾಯ.

ದುರಸ್ತಿಯ ಕ್ರಮವನ್ನು ಈಗ ಹೇಳುತ್ತೇನೆ. ಕೆಲಸಕ್ಕೆ ಮೊದಲು ಸ್ವಿಚ್ಚು ಆರಿಸಿ ಬ್ಯಾಟರಿಯನ್ನು ಇಳಿಸಿ ದೂರವಿಡಬೇಕು. ಕೈಯಲ್ಲಿ ಉಂಗುರ, ಲೋಹದ ಪಟ್ಟಿಯ ಗಡಿಯಾರ ಇರಕೂಡದು. ಅಲೆನ್ ಕೀಯಿಂದ ಪೀಠದ ಬೋಲ್ಟುಗಳನ್ನು ಬಿಚ್ಚಿ, ಮರೆಯ ಧೂಳು ಜಿಡ್ಡುಗಳನ್ನು ಒರೆಸಿ, ಮರೆಗೆ ಒಂದು ತೊಟ್ಟು ನೀಲಿಬಣ್ಣದ ಥ್ರೆಡ್‌ಲಾಕರ್ ಹಾಕಿ ಮತ್ತೆ ಕೂರಿಸಬೇಕು. ಅತಿಬಿಗಿಯೂ ಸಲ್ಲದು, ಅಲ್ಯುಮಿನಿಯಮ್ಮಿನ ಮರೆ ಬೇಗ ಕಿತ್ತುಹೋಗುತ್ತದೆ. ಬ್ಯಾಟರಿ ಗಡಗಡಿಸದಿರಲೆಂದು ಹಳೆಯ ಟ್ಯೂಬಿನ ರಬ್ಬರು ತುಂಡನ್ನು ಇಡುವುದುಂಟು. ಇದು ಒಳ್ಳೆಯದೇ, ಆದರೆ ಅದನ್ನು ಇಡಬೇಕಾದದ್ದು ಬ್ಯಾಟರಿಗೂ ಪೀಠದ ಅಂಚಿಗೂ ನಡುವೆ. ಬೋಲ್ಟಿನ ಅಡಿಯಲ್ಲಿ ಅಲ್ಲ. ಅಲ್ಲಿಟ್ಟರೆ ರಬ್ಬರು ಕುಗ್ಗಿದಂತೆ ಬೋಲ್ಟು ತಾನೇ ಸಡಿಲವಾಗುತ್ತದೆ. ಬ್ಯಾಟರಿಯ ಮೇಲ್ತುದಿಯನ್ನು ಫ್ರೇಮಿಗೆ ಸೇರಿಸಿ ಒಂದು ಪಟ್ಟಿ ಕಟ್ಟಿದರೆ ಬೋಲ್ಟುಗಳ ಹೊರೆ ಕಡಿಮೆಯಾಗುತ್ತದೆ. ಹೊಸ ಬೋಲ್ಟಿಗಾಗಿ ಫ್ರೇಮಿಗೆ ತೂತು ಕೊರೆಯುವುದು ಮಾತ್ರ ಅಪಾಯ. ಸವಾರನ ಭಾರವನ್ನು ಹೊರುವ ಕೊಳವೆ ಅದು.

ಸಂಪರ್ಕದ ನಾಲಗೆಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಬೇಕು. ಉಪ್ಪುಕಾಗದದಿಂದ ಉಜ್ಜಿದರೆ ಉಳಿದಿರುವ ಲೇಪವೂ ಹೋಗುತ್ತದೆ. ಬ್ಯಾಟರಿಯ ಕಡೆಯ ಎರಡು ತುದಿಗಳನ್ನು ಲೋಹದ ಯಾವ ಉಪಕರಣವೂ ಒಟ್ಟಿಗೆ ಮುಟ್ಟಕೂಡದು. ನಾಲಗೆ ಸುಟ್ಟು ಗುಳಿಬಿದ್ದಿದ್ದರೆ ಅಥವಾ ಪ್ಲಾಸ್ಟಿಕ್ಕು ಕರಗಿದ್ದರೆ ಶುಚಿ ಮಾಡಿ ಪ್ರಯೋಜನವಿಲ್ಲ, ಪೀಠವನ್ನೇ ಬದಲಾಯಿಸಬೇಕು. ಹೊಸ ಪೀಠದ ತಂತಿ ಸೇರಿಸುವಾಗ ಧನ-ಋಣ ತುದಿಗಳನ್ನು ಎರಡು ಸಲ ನೋಡಿಕೊಳ್ಳಬೇಕು. ಅದಲುಬದಲಾದರೆ ಕಂಟ್ರೋಲರು ಕ್ಷಣದಲ್ಲಿ ಸುಡುತ್ತದೆ. ತಂತಿ ಫ್ರೇಮಿನೊಳಗೆ ಹೋಗುವ ತೂತಿನ ಅಂಚಿನಲ್ಲಿ ಸಿಪ್ಪೆ ಸವೆದಿದೆಯೇ ಎಂಬುದನ್ನೂ ಆಗಲೇ ನೋಡತಕ್ಕದ್ದು.

ನಿತ್ಯದ ಅಭ್ಯಾಸಗಳೆರಡು. ಸ್ವಿಚ್ಚು ಹಾಕಿರುವಾಗ ಬ್ಯಾಟರಿಯನ್ನು ಕೂರಿಸಬಾರದು. ಕಂಟ್ರೋಲರಿನೊಳಗಿನ ಕೆಪ್ಯಾಸಿಟರುಗಳು ಒಮ್ಮೆಲೇ ವಿದ್ಯುತ್ತನ್ನು ಹೀರುವುದರಿಂದ ತುದಿಯಲ್ಲಿ ಕಿಡಿ ಹಾರಿ ಲೋಹದಲ್ಲಿ ಗುಳಿ ಬೀಳುತ್ತದೆ. ಎರಡನೆಯದಾಗಿ, ರಭಸದ ನೀರಿನಿಂದ ಪೀಠವನ್ನು ತೊಳೆಯಬಾರದು; ಮಳೆಯಲ್ಲಿ ನೆನೆದಿದ್ದರೆ ಒರೆಸಿ ಆರಿಸಿದ ಬಳಿಕವೇ ಬ್ಯಾಟರಿ ಕೂರಿಸಬೇಕು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಬ್ಯಾಟರಿ ಕೆಡುವುದೇ ಇಲ್ಲವೆಂದು ತಿಳಿಯಬಾರದು. ಪೆಟ್ಟಿಗೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಚಾರ್ಜು ಮಾಡುವಾಗ ವಿಪರೀತ ಕಾಯುತ್ತಿದ್ದರೆ, ವಿಚಿತ್ರ ವಾಸನೆ ಬರುತ್ತಿದ್ದರೆ ಅದನ್ನು ಉಪಯೋಗಿಸಕೂಡದು, ಚಾರ್ಜು ಮಾಡಕೂಡದು, ಮನೆಯೊಳಗೆ ಇಡಕೂಡದು. ಕುತೂಹಲಕ್ಕಾಗಿ ಬಿಚ್ಚುವುದಂತೂ ಬೇಡವೇ ಬೇಡ. ಒಂದು ಕೋಶದೊಳಗೆ ಬೆಂಕಿ ಹುಟ್ಟಿದರೆ ಆ ಕಾವು ಪಕ್ಕದ ಕೋಶವನ್ನು ಹೊತ್ತಿಸುತ್ತದೆ. ಬ್ಯಾಟರಿ ಸಾಲುಸಾಲಾಗಿ ಉರಿದುಹೋಗುತ್ತದೆ. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡುವ ಹೊಣೆಯನ್ನು ಭಾರತ ಸರ್ಕಾರದ ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಆದ್ದರಿಂದ ಅಂಥ ಬ್ಯಾಟರಿಯನ್ನು ಗುಜರಿಗೆ ಹಾಕದೆ ಮಾರಿದವರಿಗೇ ಒಪ್ಪಿಸುವುದು ಯುಕ್ತ.

ಕೊನೆಯದಾಗಿ ಒಂದು ವಿಚಾರವನ್ನು ಸಹಪಾಠಿಗಳ ಮತ್ತು ಅಧ್ಯಾಪಕವರ್ಗದವರ ಮುಂದಿಡಬಯಸುತ್ತೇನೆ. ನಾನು ನೋಡಿದ ಸೈಕಲ್ಲುಗಳ ಜೊತೆಗೆ ಬಂದ ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಸೈಕಲ್ಲನ್ನು ಬಿಚ್ಚುವ ಕೈಗಳಿಗೆ ಆ ಭಾಷೆ ಬಾರದು. ರೋಧದ ನಿಯಮವನ್ನು ೧೮೨೭ರಲ್ಲಿ ಪ್ರಕಟಿಸಿದ ಜರ್ಮನಿಯ ಗೇಯಾರ್ಗ್ ಓಮ್ ಬೀಗ ಮಾಡುವ ಕಸುಬುದಾರನ ಮಗ. ಆ ತಂದೆ ಶಾಲೆಯ ವಿದ್ಯೆಯಿಲ್ಲದಿದ್ದರೂ ತಾನೇ ಓದಿ ಕಲಿತು, ಮಕ್ಕಳಿಗೆ ಗಣಿತ ವಿಜ್ಞಾನಗಳನ್ನು ಹೇಳಿಕೊಟ್ಟನು. ಅಂಗಡಿಯ ಕೈಗೆ ತಿಳಿದಿರುವುದನ್ನೂ ಪುಸ್ತಕ ಹೇಳುವುದನ್ನೂ ಒಂದೆಡೆ ಸೇರಿಸುವ ಕೆಲಸ ನಮ್ಮ ನಾಡಿನಲ್ಲಿಯೂ ನಡೆಯಬೇಕಾಗಿದೆ. ಅದನ್ನು ಕನ್ನಡದಲ್ಲಿ ಮಾಡತಕ್ಕವರು ಕಲಾವಿಭಾಗದ ವಿದ್ಯಾರ್ಥಿಗಳಾದ ನಾವೂ ಆಗಬಹುದು. ಒಂದು ಬೋಲ್ಟಿನ ಸಡಿಲಕ್ಕಾಗಿ ಒಬ್ಬ ಮೇಷ್ಟ್ರು ಒಂದು ತಿಂಗಳ ಸಂಬಳವನ್ನು ಕಳೆದುಕೊಳ್ಳದಂತೆ ಅದು ತಡೆದರೆ ಅಷ್ಟೇ ಸಾಕು.