ಪೊಟ್ಟಣದಲ್ಲಿ ಉಳಿದ ಹೆಸರು, ಹೊಲದಲ್ಲಿ ಕಳೆದ ತಳಿ

ಅಮೆರಿಕದಲ್ಲಿ ‘ರಟ್ಗರ್ಸ್’ ಟೊಮೆಟೊ ಬೀಜದ ಪೊಟ್ಟಣಕ್ಕೆ ಎಂದೂ ಬರವಿರಲಿಲ್ಲ. ಸಿಗದೆ ಹೋದದ್ದು 1934ರ ಆ ಹಣ್ಣು.

ಅದು ಹುಟ್ಟಿದ್ದೇ ಸೂಪಿಗಾಗಿ. ನ್ಯೂಜೆರ್ಸಿಯ ಕ್ಯಾಂಪ್‌ಬೆಲ್ ಸೂಪ್ ಕಂಪನಿ 1928ರಲ್ಲಿ ರಿವರ್ಟನ್‌ನಲ್ಲಿ ಎರಡು ತಳಿಗಳನ್ನು ಕೂಡಿಸಿತು. ಒಂದು, ಕೇಂದ್ರ ಕೃಷಿ ಇಲಾಖೆ ರೂಪಿಸಿದ್ದ ‘ಮಾರ್ಗ್ಲೋಬ್’. ಇನ್ನೊಂದು ಕಂಪನಿಯದೇ ‘ಜೆ.ಟಿ.ಡಿ.’. ಸಾಂದ್ರ ಸೂಪನ್ನು ಕಂಡುಹಿಡಿದ ಜಾನ್ ಟಿ. ಡೋರೆನ್ಸ್ ಅವರ ಹೆಸರಿನ ಮೊದಲಕ್ಷರಗಳವು. ಹೂವಿಗೆ ಪರಾಗ ಮುಟ್ಟಿಸುವುದು ಬೇಗ ಮುಗಿಯುವ ಕೆಲಸ. ಹುಟ್ಟಿದ ಸಾವಿರ ಬಗೆಯ ಗಿಡಗಳಲ್ಲಿ ಯಾವುದನ್ನು ಉಳಿಸಬೇಕೆಂದು ಗುರುತಿಸುವುದೇ ಕಷ್ಟ. ಅದನ್ನು ಮಾಡಿದವರು ರಟ್ಗರ್ಸ್ ವಿಶ್ವವಿದ್ಯಾಲಯದ ತರಕಾರಿ ತಜ್ಞ ಲೈಮನ್ ಶೆರ್ಮರ್‌ಹಾರ್ನ್. ಅವರು ವರ್ಷವರ್ಷವೂ ಒಳ್ಳೆಯ ಗಿಡಗಳನ್ನು ಆರಿಸಿ, ರಾಜ್ಯದ ರೈತರ ಹೊಲಗಳಲ್ಲೇ ಬೆಳೆಸಿ ನೋಡಿ, 1934ರಲ್ಲಿ ಒಂದನ್ನು ಬಿಡುಗಡೆ ಮಾಡಿದರು.

ಹಣ್ಣು ನಡುವಿನಿಂದ ಹೊರಕ್ಕೆ ಮಾಗುತ್ತಿತ್ತು. ಹೀಗಾಗಿ ಹೊರಗೆ ಕೆಂಪಾಗಿ ಒಳಗೆ ಹಸಿರು ಲೋಳೆ ಉಳಿಯುವ ಕಾಟವಿರಲಿಲ್ಲ. ರಸದ ಬಣ್ಣ ಕೆಡುತ್ತಿರಲಿಲ್ಲ. ತಿರುಳು ದಪ್ಪ, ಬೀಜದ ಗೂಡು ಚಿಕ್ಕದು, ಸಿಪ್ಪೆ ನುಣುಪು, ಬಿರುಕು ಕಡಿಮೆ. ಸೊಂಪಾದ ಎಲೆಗಳು ಹಣ್ಣು ಬಿಸಿಲಿಗೆ ಬೇಯದಂತೆ ಕಾಯುತ್ತಿದ್ದವು. ಹಿತವಾದ ಹುಳಿಸಿಹಿ ಬೇರೆ. ಕಾರ್ಖಾನೆಗೂ ಅಡುಗೆಮನೆಗೂ ಒಂದೇ ತಳಿ ಒಪ್ಪುವುದು ಅಪರೂಪ. ಇದು ಒಪ್ಪಿತು, ದೇಶದಾಚೆಗೂ ಹಬ್ಬಿತು.

1960ರ ದಶಕದಲ್ಲಿ ಕೊಯ್ಲಿಗೆ ಯಂತ್ರ ಬಂತು. ಯಂತ್ರದ ಹೊಡೆತಕ್ಕೆ ಗಟ್ಟಿ ಹಣ್ಣೇ ಬೇಕು, ರಟ್ಗರ್ಸ್ ಮೆದು. ಅದು ದೊಡ್ಡ ಹೊಲ ಬಿಟ್ಟು ಹಿತ್ತಿಲು ಸೇರಿತು. ನನ್ನ ಮಟ್ಟಿಗೆ ನಿಜವಾದ ನಷ್ಟ ಅದಲ್ಲ, ಅದರ ನಂತರದ್ದು. ಬೀಜೋತ್ಪಾದಕರು ಬೇರೆ ಬೇರೆ ಕಡೆ ತಮ್ಮ ತಮ್ಮ ಲೆಕ್ಕದಲ್ಲಿ ಬೆಳೆಸುತ್ತ ಹೋದಂತೆ ತಳಿ ಮೆಲ್ಲಗೆ ಹಾದಿ ತಪ್ಪಿತು. ಬೀಜಕ್ಕೆಂದು ಒಳ್ಳೆಯ ಹಣ್ಣನ್ನೇ ಆರಿಸಿ, ಬೂದಿಯಲ್ಲಿ ತಿಕ್ಕಿ ಒಣಗಿಸಿಡುವ ನಮ್ಮ ಹಳ್ಳಿಯ ಹೆಂಗಸರಿಗೆ ಇದು ಏಕಾಯಿತೆಂದು ವಿವರಿಸಬೇಕಿಲ್ಲ.

ಮೂಲ ಜೋಡಿಯ ಬೀಜ ಮಾತ್ರ ಕ್ಯಾಂಪ್‌ಬೆಲ್ ಸಂಗ್ರಹದಲ್ಲಿ ಉಳಿದಿತ್ತು. ಅದರಿಂದ ವಿಶ್ವವಿದ್ಯಾಲಯ ಮತ್ತೆ ಸಂಕರ ಮಾಡಿ, ಜನರಿಗೆ ರುಚಿ ತೋರಿಸಿ ಅಭಿಪ್ರಾಯ ಕೇಳಿ, 2016ರಲ್ಲಿ ‘ರಟ್ಗರ್ಸ್ 250’ ಹೊರತಂದಿತು. ಅದು ಸಂಸ್ಥೆಗೆ 250 ತುಂಬಿದ ವರ್ಷ. ಇದು ಹಳೆಯ ಹಣ್ಣಿನ ಪ್ರತಿಯಲ್ಲ, ಅದೇ ತಾಯಿತಂದೆಗೆ ತಡವಾಗಿ ಹುಟ್ಟಿದ ಒಡಹುಟ್ಟು. ಸಂಕರದಿಂದ ಬಂದರೂ ಇದು ಆರಿಸಿ ಸ್ಥಿರಗೊಳಿಸಿದ ತಳಿ, ಮೊದಲ ಪೀಳಿಗೆಯ ಹೈಬ್ರಿಡ್ ಅಲ್ಲ; ಹಾಗಾಗಿ ಬೀಜ ಎತ್ತಿಟ್ಟುಕೊಳ್ಳಬಹುದು. ಎತ್ತಿಡುವವರು ಗಾತ್ರಕ್ಕೆ ಮರುಳಾಗದೆ ಹಣ್ಣನ್ನು ಅಡ್ಡಲಾಗಿ ಕೊಯ್ದು, ನಡುವೆ ಹಸಿರು ಲೋಳೆ ಉಳಿದಿದೆಯೇ ಎಂದು ಮೊದಲು ನೋಡಬೇಕು.