ಕುಡಿಯುವ ನೀರು ಮತ್ತು ಬ್ಯಾಕ್ಟೀರಿಯಗಳ ವಂಶವಾಹಿಗಳು

ರಾಯಚೂರು ನಗರದ ಜನ 2022ರ ಮೇ-ಜೂನ್ ತಿಂಗಳುಗಳನ್ನು ಸುಲಭವಾಗಿ ಮರೆಯಲಾರರು. ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಮರುವರ್ಷ ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲೂ ಇಂಥದೇ ಘಟನೆ ನಡೆಯಿತು. ದೇವದುರ್ಗದ ಕಡೆ ಹರಿಯುವುದು ಕೃಷ್ಣೆಯ ನೀರು. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಮೂಲ ಯಾವುದೇ ಇರಲಿ, ನಾವು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ನೀರಿನಲ್ಲಿ ಮಲದ ಅಂಶ ಬೆರೆತಿದೆಯೆ?

ಇದನ್ನು ತಿಳಿಯಲು ಪ್ರಯೋಗಾಲಯದಲ್ಲಿ ಒಂದು ಸರಳ ವಿಧಾನವಿದೆ. ಲ್ಯಾಕ್ಟೋಸ್ ಸಕ್ಕರೆಯ ದ್ರಾವಣವಿರುವ ಪ್ರಣಾಳದಲ್ಲಿ ಒಂದು ಪುಟ್ಟ ನಳಿಕೆಯನ್ನು ತಲೆಕೆಳಗಾಗಿ ಇಟ್ಟಿರುತ್ತಾರೆ. ಅದಕ್ಕೆ ನೀರಿನ ಮಾದರಿ ಸೇರಿಸಿ 35ರಿಂದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. 48 ಗಂಟೆಯೊಳಗೆ ನಳಿಕೆಯಲ್ಲಿ ಅನಿಲದ ಗುಳ್ಳೆ ಕಂಡರೆ ಕೋಲಿಫಾರ್ಮ್ ಬ್ಯಾಕ್ಟೀರಿಯಗಳಿರುವ ಸಂಶಯ. ಅವುಗಳಲ್ಲಿ ಮಲದಿಂದ ಬಂದ ಇ. ಕೋಲೈ ಇದೆಯೆ ಎಂಬುದನ್ನು ಮುಂದಿನ ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳುತ್ತಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಇ. ಕೋಲೈ ಒಂದೂ ಕಾಣಬಾರದು.

ಆ ಗುಳ್ಳೆ ಹೇಗೆ ಬಂತು? ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ಇ. ಕೋಲೈ ಸದಾ ತಯಾರಿಸುತ್ತ ಕೂರುವುದಿಲ್ಲ. ಅದು ಶಕ್ತಿಯ ವ್ಯರ್ಥ. ಸಾಮಾನ್ಯವಾಗಿ ಒಂದು ತಡೆ ಪ್ರೋಟೀನು ಡಿಎನ್‌ಎ ಮೇಲೆ ಕುಳಿತು ಆ ವಂಶವಾಹಿಗಳನ್ನು ಮುಚ್ಚಿರುತ್ತದೆ. ಆದರೆ ಈ ತಡೆ ಪೂರ್ತಿ ಬಿಗಿಯಲ್ಲ. ಕಿಣ್ವದ ಕೆಲವೇ ಅಣುಗಳು ಯಾವಾಗಲೂ ಇರುತ್ತವೆ. ಲ್ಯಾಕ್ಟೋಸ್ ಒಳಬಂದಾಗ ಅವು ಅದರಲ್ಲಿ ಸ್ವಲ್ಪವನ್ನು ಅಲೊಲ್ಯಾಕ್ಟೋಸ್ ಆಗಿ ಬದಲಿಸುತ್ತವೆ. ಇದು ತಡೆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಡಿಎನ್‌ಎಯಿಂದ ಬಿಡಿಸುತ್ತದೆ. ಆಗ ಕಿಣ್ವ ಹೇರಳವಾಗಿ ತಯಾರಾಗಿ, ಸಕ್ಕರೆ ಹುದುಗಿ, ಆಮ್ಲವೂ ಅನಿಲವೂ ಹೊರಬರುತ್ತವೆ. ಗ್ಲೂಕೋಸ್ ಜೊತೆಗಿದ್ದರೆ ಬ್ಯಾಕ್ಟೀರಿಯ ಅದನ್ನೇ ಮೊದಲು ಬಳಸುತ್ತದೆ. ಈ ನಿಯಂತ್ರಣವನ್ನು 1961ರಲ್ಲಿ ವಿವರಿಸಿದವರು ಫ್ರಾನ್ಸಿನ ಜಾಕೊಬ್ ಮತ್ತು ಮೊನೊ. 1965ರಲ್ಲಿ ಅವರಿಗೆ ಲ್ವಾಫ್ ಅವರೊಂದಿಗೆ ನೊಬೆಲ್ ಪಾರಿತೋಷಕ ಸಂದಿತು.

ವಂಶವಾಹಿಗಳು ಹೀಗೆ ತೆರೆದು ಮುಚ್ಚುವುದಷ್ಟೇ ಅಲ್ಲ, ಬದಲಾಗುವುದೂ ಉಂಟು. ಅನುಕೂಲ ಪರಿಸ್ಥಿತಿಯಲ್ಲಿ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಹತ್ತು ಗಂಟೆಗಳಲ್ಲಿ 30 ಸಲ ದ್ವಿಗುಣವಾದರೆ ಒಂದು ಕೋಶ ಸುಮಾರು 107 ಕೋಟಿ ಆಗುತ್ತದೆ. ಲೆಕ್ಕ ನೀವೇ ಮಾಡಿ ನೋಡಿ. ಪ್ರತಿ ವಿಭಜನೆಯಲ್ಲೂ 46 ಲಕ್ಷ ಜೋಡಿ ಅಕ್ಷರಗಳ ಡಿಎನ್‌ಎ ನಕಲಾಗಬೇಕು. ಸುಮಾರು ಸಾವಿರ ವಿಭಜನೆಗೆ ಒಂದು ತಪ್ಪು ಉಳಿದರೂ ಒಟ್ಟು ಉತ್ಪರಿವರ್ತನೆಗಳು ಹತ್ತು ಲಕ್ಷ ದಾಟುತ್ತವೆ.

ಔಷಧಿ ತಗುಲಿದ ಮೇಲೆ ಬ್ಯಾಕ್ಟೀರಿಯ ಬದಲಾಗುತ್ತದೆಯೋ, ಮೊದಲೇ ಬದಲಾಗಿರುತ್ತದೆಯೋ? ಇಂಥ ಪ್ರಶ್ನೆಗೆ 1943ರಲ್ಲಿ ಉತ್ತರ ಕೊಟ್ಟವರು ಲೂರಿಯ ಮತ್ತು ಡೆಲ್‌ಬ್ರುಕ್. ಡೆಲ್‌ಬ್ರುಕ್ ಮೂಲತಃ ಭೌತವಿಜ್ಞಾನಿ ಎಂಬುದು ನನ್ನಂಥ ಭೌತವಿಜ್ಞಾನದ ಅಧ್ಯಾಪಕನಿಗೆ ಸಂತೋಷದ ಸಂಗತಿ. ಅವರು ಬಳಸಿದ್ದು ಔಷಧಿಯನ್ನಲ್ಲ, ಬ್ಯಾಕ್ಟೀರಿಯವನ್ನು ಕೊಲ್ಲುವ ವೈರಸನ್ನು. ಬೇರೆಬೇರೆಯಾಗಿ ಬೆಳೆಸಿದ ಕೃಷಿಕೆಗಳಲ್ಲಿ ಬದುಕುಳಿದವುಗಳ ಸಂಖ್ಯೆ ತೀರ ಏರುಪೇರಾಗಿತ್ತು. ವೈರಸ್ ತಗುಲಿದ ಮೇಲೆ ಬದಲಾವಣೆ ಆಗುವುದಾದರೆ ಎಲ್ಲ ಕೃಷಿಕೆಗಳಲ್ಲೂ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು. ಆದ್ದರಿಂದ ಉತ್ಪರಿವರ್ತನೆ ಮೊದಲೇ, ಆಕಸ್ಮಿಕವಾಗಿ ಆಗಿರುತ್ತದೆ. ವೈರಸ್ ಆಗಲಿ ಔಷಧಿಯಾಗಲಿ ಅಂಥವನ್ನು ಆರಿಸಿ ಉಳಿಸುತ್ತದೆ, ಅಷ್ಟೆ.

ಇನ್ನೂ ಚಿಂತೆಯ ವಿಷಯವೆಂದರೆ ವಂಶವಾಹಿಗಳ ವರ್ಗಾವಣೆ. ಬ್ಯಾಕ್ಟೀರಿಯ ತನ್ನ ಗುಣವನ್ನು ಸಂತತಿಗೆ ಮಾತ್ರವಲ್ಲ, ನೆರೆಯ ಕೋಶಕ್ಕೂ ಕೊಡಬಲ್ಲದು. ಸತ್ತ ಕೋಶದ ಡಿಎನ್‌ಎಯನ್ನು ಹೀರಿಕೊಳ್ಳುವುದು ಒಂದು ದಾರಿ. ವೈರಸ್ ಹೊತ್ತು ತರುವುದು ಇನ್ನೊಂದು. ಎರಡು ಕೋಶಗಳು ಕೂಡಿದಾಗ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಬಳೆಯ ನಕಲು ದಾಟಿಹೋಗುವುದು ಮೂರನೆಯದು. ಒಂದೇ ಪ್ಲಾಸ್ಮಿಡ್‌ನಲ್ಲಿ ಹಲವು ಪ್ರತಿಜೈವಿಕಗಳನ್ನು ಸೋಲಿಸುವ ವಂಶವಾಹಿಗಳಿರಬಹುದು. 2011ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದರಲ್ಲಿ ಎನ್‌ಡಿಎಂ-1 ಎಂಬ ಅಂಥ ವಂಶವಾಹಿ, ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿಯೂ ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿಯೂ ಪತ್ತೆಯಾಯಿತು.

ಚರಂಡಿಯ ನೀರು ಕೊಳವೆಗೆ ಸೇರಿದರೆ ಆಗುವ ಹಾನಿ ಎರಡು ಬಗೆಯದು ಎಂದು ಈಗ ನಿಮಗೆ ತಿಳಿದಿರಬೇಕು. ಕಾಯಿಲೆ ಬರುತ್ತದೆ, ಜೊತೆಗೆ ಆ ಕಾಯಿಲೆಗೆ ಕೊಡುವ ಔಷಧಿ ನಾಟದಂತೆ ಮಾಡುವ ವಂಶವಾಹಿಯೂ ಬರಬಹುದು. ನೀರನ್ನು ಕುದಿಸಿ ಕುಡಿಯಿರಿ. ನಲ್ಲಿ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಭೇದಿಯಾದರೆ ಮೊದಲು ಓಆರ್‌ಎಸ್ ಕೊಡಿ. ವೈದ್ಯರು ಹೇಳದೆ ಪ್ರತಿಜೈವಿಕ ಗುಳಿಗೆ ನುಂಗಬೇಡಿ. ಅಧ್ಯಾಪಕ ಮಿತ್ರರೆ, ಹೈಡ್ರೊಜನ್ ಸಲ್ಫೈಡ್ ಪರೀಕ್ಷೆಯ ಸೀಸೆ ದೊರೆತರೆ ನಿಮ್ಮ ಶಾಲೆಯ ನೀರನ್ನು ವಿದ್ಯಾರ್ಥಿಗಳ ಎದುರಿಗೇ ಪರೀಕ್ಷಿಸಿ. ನೀರು ಕಪ್ಪಾದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ವರದಿ ಬರುವವರೆಗೆ ಆ ನೀರನ್ನು ಮಕ್ಕಳಿಗೆ ಕೊಡಬೇಡಿ.